ಬ್ಲೂಸ್ ತಂಡದ ಮೇಲೆ ನನ್ನ ಹೊಟ್ಟೆಕಿಚ್ಚು

ಹಾಡುವವನಿಗೆ ಇನ್ನೊಬ್ಬ ಹಾಡುವವನನ್ನು ಕಂಡರೆ ಹೊಟ್ಟೆ ಉರಿಯುವುದು ಲೋಕರೂಢಿ. ಆದರೆ ತನ್ನ ಹೆಸರೂ ಕೇಳಿರದ ಒಂದು ಅಮೆರಿಕನ್ ತಂಡದ ಮೇಲೆ ವರ್ಷಗಟ್ಟಲೆ ಹೊಟ್ಟೆ ಉರಿಸಿಕೊಂಡವನು ಸ್ಯಾನ್ ಡಿಯಾಗೋದಲ್ಲಿ ನಾನೊಬ್ಬನೇ ಇರಬೇಕು. ಮರೆಯೋಣ ಅಂದುಕೊಳ್ಳುವಷ್ಟರಲ್ಲಿ ಅವರ ಇನ್ನೊಂದು ಕಚೇರಿ ಬರುತ್ತದೆ, ಜೊತೆಗೆ ನನಗೊಂದು ಅವಮಾನವೂ ಬರುತ್ತದೆ.

ನಾನು ಟೆಲಿಕಾಂ ಇಂಜಿನಿಯರ್. ಹಬ್ಬ, ಗೃಹಪ್ರವೇಶ, ನಾಮಕರಣ ಅಂತ ಯಾರು ಕರೆದರೂ ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಭಾವಗೀತೆ ಹಾಡುತ್ತೇನೆ. ಕೆಲವೊಮ್ಮೆ ಕರೆಯದಿದ್ದರೂ.

ಹುಲ್ಲಿನ ಮೇಲೆ

ಕೋವಿಡ್ ಸ್ವಲ್ಪ ತಣ್ಣಗಾಗಿ ಜನ ಮತ್ತೆ ಹೊರಗೆ ಸೇರಲು ಶುರುಮಾಡಿದ ಬೇಸಿಗೆ. ಪಾರ್ಕಿನಲ್ಲಿ ಬ್ಲೂಸ್ ಕಚೇರಿ ಇದೆ, ಟಿಕೆಟ್ ಇಲ್ಲ ಅಂತ ನನ್ನ ಹೆಂಡತಿ ಎಳೆದುಕೊಂಡು ಹೋದಳು. ಅವಳು ಧಾರವಾಡದವಳು, ಸಂಗೀತದ ವಿಷಯದಲ್ಲಿ ಸುಲಭಕ್ಕೆ ಒಲಿಯುವವಳಲ್ಲ. ನನ್ನ ಕಾರ್ಯಕ್ರಮಗಳಲ್ಲಿ ಎರಡನೇ ಹಾಡಿಗೇ ಎದ್ದು, ಸಾರು ಬಿಸಿಯಾಗಿದೆಯೋ ಇಲ್ಲವೋ ನೋಡಲು ಅಡುಗೆಮನೆಗೆ ಹೋಗುತ್ತಾಳೆ.

ವೇದಿಕೆಯ ಮೇಲೆ ನಾಲ್ಕೇ ಜನ. ಅರವತ್ತು ದಾಟಿದ, ಬಿಳಿ ಜಡೆಯ ಹೆಂಗಸೊಬ್ಬರು ಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿಕೊಂಡು ಗಿಟಾರ್ ತಂತಿಯ ಮೇಲೆ ಜಾರಿಸುತ್ತಾ ಹಾಡುತ್ತಿದ್ದರು. ಪಕ್ಕದಲ್ಲಿ ಮೌತ್ ಆರ್ಗನ್ ಊದುವವನು, ತನಗಿಂತ ಎತ್ತರದ ಬೇಸ್ ವಾದ್ಯ ತಬ್ಬಿಕೊಂಡವನು, ಹಿಂದೆ ಡ್ರಮ್ಸ್‌ನವನು. ಹಾಡು ಹಳೆಯದು, ಹತ್ತಿಹೊಲಗಳಲ್ಲಿ ದುಡಿದ ಕಪ್ಪು ಜನರಿಂದ ಬಂದ ಧಾಟಿ. ಆಕೆ ಬೂಟುಗಾಲಿನಿಂದ ವೇದಿಕೆಯನ್ನು ಒದೆಯತೊಡಗಿದ್ದೇ ತಡ, ಪಾರ್ಕಿಗೆ ಪಾರ್ಕೇ ಎದ್ದು ನಿಂತಿತು. ನನ್ನ ಹೆಂಡತಿ ಕೈಚೀಲವನ್ನು ನನ್ನ ತೊಡೆಯ ಮೇಲೆ ಹಾಕಿ ಮುಂದೆ ಹೋಗಿಬಿಟ್ಟಳು.

ನಾನು ಹಟಕ್ಕೆ ಕೂತೇ ಇದ್ದೆ. ಕೂತವನು ನಾನೊಬ್ಬನೇ ಆದ್ದರಿಂದ ಪಕ್ಕದವರು ತಮ್ಮ ಬ್ಯಾಗನ್ನೂ ಸ್ವಲ್ಪ ನೋಡಿಕೊಳ್ಳಲು ಹೇಳಿ ಕುಣಿಯಲು ಹೋದರು. ಅವರನ್ನು ನೋಡಿ ಇನ್ನೊಬ್ಬರು ಜಾಕೆಟ್ ಕೊಟ್ಟರು. ಮತ್ತೊಬ್ಬರು ನಾಯಿ ಕೊಟ್ಟರು.

ಕಚೇರಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಕೈಕುಲುಕಿ ಥ್ಯಾಂಕ್ಸ್ ಹೇಳಿದರು. ಸಂಗೀತದ ಜಾಗದಲ್ಲಿ ಅಷ್ಟು ಜನ ನನ್ನ ಕೈ ಕುಲುಕಿದ್ದು ಅದೇ ಮೊದಲು.

ಎದ್ದು ನಿಲ್ಲಿ

ಆಕೆಯ ಗುಟ್ಟು ಕಂಠದಲ್ಲಿಲ್ಲ, ಜನರನ್ನು ಎಬ್ಬಿಸುವುದರಲ್ಲಿದೆ ಅಂತ ತೀರ್ಮಾನಿಸಿದೆ. ಅಷ್ಟಾದರೆ ನಾನೂ ಮಾಡಬಲ್ಲೆ.

ಪೊಮೊನಾದಲ್ಲಿ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮವಿತ್ತು. ಮಕ್ಕಳ ನೃತ್ಯ, ಭಾಷಣ ಎಲ್ಲ ಮುಗಿದು ನನ್ನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಹೋಳಿಗೆ ತುಪ್ಪದ ವಾಸನೆ ಸಭಾಂಗಣದೊಳಕ್ಕೆ ಬರುತ್ತಿತ್ತು. ನಾನು ಮೊದಲ ಸಾಲು ಹಾಡಿ ನಿಲ್ಲಿಸಿ, ಆಕೆಯ ಹಾಗೆಯೇ ವೇದಿಕೆಯನ್ನು ಒದ್ದು, ಎರಡೂ ಕೈ ಮೇಲೆತ್ತಿ, ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು ಅಂದೆ.

ಎದ್ದರು. ಇಡೀ ಸಭೆ ಒಂದೇ ಏಟಿಗೆ ಎದ್ದಿತು. ನನಗೆ ರೋಮಾಂಚನವಾಯಿತು. ಎದ್ದವರು ಹಾಗೇ ತಿರುಗಿ ಊಟದ ಕ್ಯೂಗೆ ಹೋದರು.

ತಬಲಾದವನು ಪಾಪ ಇನ್ನೊಂದು ಆವರ್ತ ನುಡಿಸಿ, ಅವನೂ ಹೋದ.

ಮೌತ್ ಆರ್ಗನ್

ಅಂಗೈಯಗಲದ ಆ ವಾದ್ಯವನ್ನು ಊದುವುದೇನು ಮಹಾ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ತಂದು ತೋರಿಸಲೇಬೇಕಲ್ಲ. ಬಾಗಿಲು ಹಾಕಿಕೊಂಡು ಗರಾಜಿನಲ್ಲಿ ಒಂದು ವಾರ ಅಭ್ಯಾಸ ಮಾಡಿದೆ. ಮಗ ಇಯರ್‌ಫೋನ್ ಹಾಕಿಕೊಂಡ. ಹೆಂಡತಿ ವಾಕಿಂಗ್ ಸಮಯ ಬದಲಿಸಿದಳು.

ಶನಿವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ನನ್ನನ್ನು ನೋಡಿ ಬಹಳ ಮೆಲ್ಲಗೆ, ತಪ್ಪು ತಿಳಿಯಬೇಡಿ, ನಿಮ್ಮ ಗರಾಜಿನಲ್ಲಿ ಬೆಕ್ಕೊಂದು ಸಿಕ್ಕಿಹಾಕಿಕೊಂಡಿದೆ ಅನಿಸುತ್ತದೆ, ವಾರದಿಂದ ಅಳುತ್ತಿದೆ ಅಂದರು. ಕೈಯಲ್ಲಿ ಮೀನಿನ ಡಬ್ಬಿ ಇತ್ತು.

ನಾನು ಅದನ್ನು ತೆಗೆದುಕೊಂಡು, ನೋಡಿಕೊಳ್ಳುತ್ತೇನೆ ಅಂದೆ. ಮರುದಿನದಿಂದ ಶಬ್ದ ನಿಂತಿತು. ಬೆಕ್ಕನ್ನು ಉಳಿಸಿದ ಪುಣ್ಯಾತ್ಮ ಅಂತ ಅಜ್ಜಿಗೆ ಇವತ್ತಿಗೂ ನನ್ನ ಮೇಲೆ ಗೌರವ.

ಅತ್ತೆಯವರ ತೀರ್ಪು

ಹೋದ ವರ್ಷ ಅತ್ತೆಯವರು ಧಾರವಾಡದಿಂದ ಆರು ತಿಂಗಳಿಗೆಂದು ಬಂದರು. ದೊಡ್ಡ ದೊಡ್ಡವರ ಗಾಯನವನ್ನು ಎದುರಿಗೇ ಕೂತು ಕೇಳಿ ಬೆಳೆದವರು. ನಾನು ಹಾಡಲು ಕೂತರೆ ಕಣ್ಣು ಮುಚ್ಚುತ್ತಾರೆ, ಆದರೆ ಆನಂದದಿಂದಲ್ಲ. ಇಂಥವರು ಆ ತಂಡವನ್ನು ಕೇಳಿದರೆ ನನ್ನ ಕಡೆಗೇ ತೀರ್ಪು ಬರುತ್ತದೆ ಅಂತ ಲೆಕ್ಕ ಹಾಕಿ, ನಾನೇ ಟಿಕೆಟ್ ಬುಕ್ ಮಾಡಿ ಸಮುದ್ರದ ದಂಡೆಯ ಕಚೇರಿಗೆ ಕರೆದುಕೊಂಡು ಹೋದೆ. ಹೆಂಡತಿಗೆ ಆಶ್ಚರ್ಯವಾಯಿತು.

ಅತ್ತೆಯವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಎರಡನೇ ಹಾಡಿಗೆ ಮಫ್ಲರ್ ಸಡಿಲವಾಯಿತು. ನಾಲ್ಕನೆಯದಕ್ಕೆ ತೊಡೆಯ ಮೇಲೆ ತಾಳ ಬೀಳತೊಡಗಿತು. ಹಾಡಿನ ಅರ್ಥವೇನು ಅಂತ ಕೇಳಿದರು. ಗಂಡ ಬಿಟ್ಟುಹೋದ, ಮನೆ ಹೋಯಿತು, ಹೊರಗೆ ಮಳೆ ಬರುತ್ತಿದೆ ಅಂತ ಹೇಳಿದೆ. ಇಂಥ ಗೋಳಿನ ಹಾಡಿಗೆ ಕುಣಿಯುತ್ತಾರಲ್ಲ ಅಂತ ಸ್ವಲ್ಪ ಖಾರವನ್ನೂ ಸೇರಿಸಿದೆ.

ಅತ್ತೆಯವರು ವೇದಿಕೆಯಿಂದ ಕಣ್ಣು ತೆಗೆಯದೆ ಹೇಳಿದರು: “ಅಕಿ ಅಳೋ ಹಾಡನ್ನ ಕುಣಕೋತ ಹಾಡ್ತಾಳ. ನೀವು ಕುಣಿಯೋ ಹಾಡನ್ನ ಅಳಕೋತ ಹಾಡ್ತೀರಿ. ಇಷ್ಟ ಫರಕು.”

ಗ್ಲೆಂಡೇಲ್‌ನಲ್ಲಿ

ಇಷ್ಟಾದ ಮೇಲೂ ಹೋಗಬೇಕಾಯಿತು. ಗ್ಲೆಂಡೇಲ್‌ನಲ್ಲಿ ಅದೇ ತಂಡದ ಭಾನುವಾರ ಮಧ್ಯಾಹ್ನದ ಕಚೇರಿ, ಸ್ಯಾನ್ ಡಿಯಾಗೋದಿಂದ ಎರಡು ಗಂಟೆಗೂ ಮೀರಿದ ದಾರಿ. ಹೆಂಡತಿ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ ಅಂದಾಗ ಮನಸ್ಸು ತಡೆಯಲಿಲ್ಲ. ಅವಳು ಅಲ್ಲಿ ಎಷ್ಟು ಖುಷಿಯಾಗಿರುತ್ತಾಳೆ ಅನ್ನುವುದನ್ನು ನೋಡುವುದು ಕಷ್ಟ, ನೋಡದೆ ಇರುವುದು ಇನ್ನೂ ಕಷ್ಟ.

ವಿರಾಮದಲ್ಲಿ ಆ ಗಾಯಕಿಯೇ ಮೇಜಿನ ಹಿಂದೆ ಕೂತು ಟೀ ಶರ್ಟ್ ಮಾರುತ್ತಿದ್ದರು. ನನ್ನ ಹೆಂಡತಿಯ ಗುರುತು ಹಿಡಿದು ನಕ್ಕು, ನನ್ನ ಕಡೆ ತಿರುಗಿ, ಗಂಡ ಹೆಂಡತಿ ಜೊತೆಯಾಗಿ ಬರುತ್ತೀರಿ, ಪುಣ್ಯವಂತರು ಅಂದರು. ತಮ್ಮ ಗಂಡ ಮಾತ್ರ ಕಚೇರಿಗೆ ಬರುವುದೇ ಇಲ್ಲವಂತೆ, ಗದ್ದಲಕ್ಕೆ ತಲೆನೋವು ಅನ್ನುತ್ತಾರಂತೆ. ಮೊದಲು ಆಕೆಗೆ ಇದರಿಂದ ಬೇಸರವಿರಲಿಲ್ಲವಂತೆ. ಈಚೆಗೆ ಯಾರೋ ಕರೆದರು ಅಂತ ಗಂಡ ಸ್ಯಾನ್ ಡಿಯಾಗೋದಲ್ಲೇ, ತಮ್ಮ ಮನೆಯ ಹತ್ತಿರ, ಗುರುವಾರ ಮಧ್ಯಾಹ್ನ ನಡೆಯುವ ಇಂಡಿಯನ್ನರ ಒಂದು ಭಜನೆಗೆ ಹೋಗತೊಡಗಿದ್ದಾರೆ. ಅಲ್ಲಿ ಹಾಡುವವರನ್ನು ಮನೆಗೆ ಬಂದು ಹೊಗಳುವುದೇ ಹೊಗಳುವುದು. “ನನ್ನ ಹಾಡಿಗೆ ಒಂದು ಸಲವೂ ಎದ್ದು ನಿಲ್ಲದ ಮನುಷ್ಯ ಅಲ್ಲಿ ಕುಣಿಯುತ್ತಾನೆ. ನನಗೆ ಹೊಟ್ಟೆ ಉರಿಯುತ್ತದೆ” ಅಂದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮ ಊರಿನಲ್ಲಿ ಆಕೆಯನ್ನು ಸೋಲಿಸಿದ ನಮ್ಮವರೂ ಒಬ್ಬರಿದ್ದಾರೆ. ಯಾರಪ್ಪಾ ಆ ಮಹಾನುಭಾವ ಅಂತ ವಿಚಾರಿಸಿದೆ. ಆಕೆ ಫೋನಿನಲ್ಲಿ ವಿಡಿಯೋ ತೋರಿಸಿದರು.

ಯಾರದೋ ಮನೆಯ ಪಡಸಾಲೆ. ಎತ್ತರದ ಬಿಳಿ ಗಡ್ಡದ ಅಂಕಲ್ ಒಬ್ಬರು, ಆಕೆಯ ಗಂಡನೇ ಇರಬೇಕು, ತಾಳ ಹಿಡಿದು ಕುಪ್ಪಳಿಸುತ್ತಿದ್ದಾರೆ. ಸುತ್ತ ಎಲ್ಲರೂ ಎದ್ದು ನಿಂತಿದ್ದಾರೆ. ಮಧ್ಯದಲ್ಲಿ ಮಫ್ಲರ್ ಸುತ್ತಿಕೊಂಡು, ಒಂದು ಕೈಯಿಂದ ತಿದಿ ಒತ್ತುತ್ತಾ ದಾಸರ ಪದ ಹಾಡುತ್ತಿದ್ದವರು ನನ್ನ ಅತ್ತೆ. ಹಾರ್ಮೋನಿಯಂ ಮೇಲೆ ನನ್ನ ಮಗ ಚಿಕ್ಕವನಿದ್ದಾಗ ಅಂಟಿಸಿದ ಪಾಂಡಾ ಸ್ಟಿಕ್ಕರ್ ಇತ್ತು.

ಹೆಂಡತಿಯ ಮುಖ ನೋಡಿದೆ. ಅವಳು ಟೀ ಶರ್ಟಿನ ಅಳತೆ ನೋಡುತ್ತಾ, “ಹೇಳಿದ್ರ ನೀವು ಪೇಟಿ ಕೊಡತಿದ್ದಿಲ್ಲ” ಅಂದಳು.

ಇವರು ನಮ್ಮ ಅತ್ತೆ ಅಂತ ಗಾಯಕಿಗೆ ತಿಳಿಸಿದೆ. ಆಕೆ, ನಿಮ್ಮ ಮನೆಯಲ್ಲೇ ಇದ್ದಾರಾ ಅಂತ ಕನಿಕರದಿಂದ ಕೇಳಿದರು. ಆಮೇಲೆ ದನಿ ತಗ್ಗಿಸಿ, ಊರಿಗೆ ಯಾವಾಗ ವಾಪಸ್ ಹೋಗುತ್ತಾರೆ ಅಂದರು. ಬರುವ ತಿಂಗಳು ಅಂದೆ. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು. ಆ ಗಳಿಗೆಯಲ್ಲಿ ನಮ್ಮಿಬ್ಬರಷ್ಟು ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡ ಕಲಾವಿದರು ಕ್ಯಾಲಿಫೋರ್ನಿಯಾದಲ್ಲಿ ಇರಲಾರರು.

ಆಗ ನನ್ನ ಹೆಂಡತಿ ನಡುವೆ ಬಾಯಿ ಹಾಕಿ, ಇಲ್ಲ ಇಲ್ಲ, ವೀಸಾ ಎಕ್ಸ್‌ಟೆನ್ಶನ್‌ಗೆ ಅಪ್ಲೈ ಮಾಡಿದ್ದೇವೆ, ಅಮ್ಮ ಇನ್ನೂ ಆರು ತಿಂಗಳು ಇರುತ್ತಾರೆ ಅಂತ ಸಂತೋಷದಿಂದ ಹೇಳಿದಳು.

ವಿರಾಮ ಮುಗಿದ ಮೇಲೆ ಆಕೆ ಹಾಡಿದ್ದು ಎದೆ ಹಿಂಡುವಂಥ ಹಾಡು. ಮೊದಲು ಎದ್ದು ನಿಂತವನು ನಾನೇ.