ಹನ್ನೆರಡು ಕುಲಕ್ಕೂ ಸಮಪಾಲು

ಎಲ್ಲರನ್ನೂ ಸಮನಾಗಿ ನೋಡಲು ಹೊರಟವರ ಕೆಲಸ ನೆಟ್ಟಗೆ ನಡೆದದ್ದನ್ನು ನಾನಂತೂ ಕಂಡಿಲ್ಲ. ಹಿಂದೆ ಏನನ್ನೂ ಬರೆದವಳಲ್ಲ, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ.

ಅದು ಡಾಟ್‌ಕಾಮ್ ಭರಾಟೆಯ ಕಾಲ. ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮದೊಂದು ಕನ್ನಡ ಪ್ರಾರ್ಥನಾ ಕೂಟವಿತ್ತು. ಒಟ್ಟು ಹನ್ನೆರಡು ಮನೆ. ಅರ್ಧ ಮಂಗಳೂರು, ಉಡುಪಿ ಕಡೆಯವು, ಐದು ಹುಬ್ಬಳ್ಳಿ, ಧಾರವಾಡದವು, ಮೈಸೂರಿನದು ನಮ್ಮದೊಂದೇ. ಹಿಂದಿನ ವಾರ್ಷಿಕೋತ್ಸವದಲ್ಲಿ 'ಎಲ್ಲದಕ್ಕೂ ನೀವೇ ಮುಂದೆ' ಎಂದು ಎರಡೂ ಕಡೆಯವರು ಮುನಿಸಿಕೊಂಡಿದ್ದರು. ಇನ್ನೊಮ್ಮೆ ಹಾಗಾದರೆ ಧಾರವಾಡದವರು ಸಾಂಟಾ ಕ್ಲಾರಾದಲ್ಲಿ ಬೇರೆ ಕೂಟ ಮಾಡುತ್ತಾರೆಂಬ ಮಾತಿತ್ತು. ಯಾವ ಕಡೆಗೂ ಸೇರದವಳೆಂದು ಈ ಸಲದ ಜವಾಬ್ದಾರಿ ನನ್ನ ತಲೆಗೆ ಬಂತು. ಕೂಟ ನನ್ನ ಕೈಯಲ್ಲೇ ಒಡೆದರೆ? ಹೆದರಿ ಬೈಬಲ್ಲಿನ ಮೊರೆ ಹೋದೆ. ಅದರಲ್ಲಿ ಇಸ್ರಾಯೇಲಿನ ಹನ್ನೆರಡು ಕುಲಗಳಿಗೂ ಸಮಪಾಲು. ನಾನೂ ಮನೆಗೊಂದು ಕುಲ ಹಂಚಿದೆ.

೧. ಪದಕ

ಮಹಾಯಾಜಕನ, ಅಂದರೆ ದೊಡ್ಡ ಪುರೋಹಿತನ, ಎದೆಪದಕದಲ್ಲಿ ಕುಲಕ್ಕೊಂದರಂತೆ ರತ್ನ, ನಾಲ್ಕು ಸಾಲಿನಲ್ಲಿ. ಮಕ್ಕಳ ನಾಟಕಕ್ಕೆಂದು ಅದನ್ನು ರಟ್ಟಿನಲ್ಲಿ ಮಾಡಿ, ಬಣ್ಣದ ಗುಂಡಿಗಳನ್ನು ಅಂಟಿಸಿದೆ. ಕೂಟದ ಧಾರವಾಡದ ಅಕ್ಕ ಒಬ್ಬರು ನೋಡಿದರು.

"ನಮ್ಮ ಗುಂಡಿ ಕೆಳಗ್ಯಾಕ್ರೀ? ಮಂಗಳೂರವರದ್ದೆಲ್ಲಾ ಮ್ಯಾಲ ಐತಲ್ಲಾ!"

ಎಲ್ಲ ಕಿತ್ತು ದುಂಡಗೆ ಅಂಟಿಸಿದೆ. ದುಂಡಗಿದ್ದರೆ ಮೊದಲ ಸಾಲೂ ಇಲ್ಲ, ಕೊನೆಯ ಸಾಲೂ ಇಲ್ಲ ಎಂಬುದು ನನ್ನ ಲೆಕ್ಕ. ಮಹಾಯಾಜಕನ ವೇಷದ ಹುಡುಗ ವೇದಿಕೆಗೆ ಬರುತ್ತಲೇ ಮುಂದಿನ ಸಾಲಿನ ಪುಟಾಣಿ ಕೇಳಿತು:

"ಮಮ್ಮಿ, ವೈ ಇಸ್ ಹಿ ವೇರಿಂಗ್ ಎ ಕ್ಲಾಕ್?"

೨. ಓದು

ನಾಟಕದ ನಂತರ ಓದು. ಹನ್ನೆರಡು ಕುಲನಾಯಕರು ದಿನಕ್ಕೊಬ್ಬರಂತೆ ಕಾಣಿಕೆ ತರುವ ಅಧ್ಯಾಯ. ಎಲ್ಲರದ್ದೂ ಅದೇ ಬೆಳ್ಳಿ ತಟ್ಟೆ, ಅದೇ ಬೋಗುಣಿ, ಅದೇ ಹೋರಿ. ಆದರೂ ಒಬ್ಬೊಬ್ಬರದ್ದನ್ನೂ ಪೂರ್ತಿ ಬರೆದಿದೆ. ಉಡುಪಿಯ ಹಿರಿಯ ಅಂಕಲ್ ಮೂರನೆಯ ಕುಲಕ್ಕೆ ಬಂದಾಗ, ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಬರೆಯುವ ಧಾರವಾಡದ ತರುಣನೊಬ್ಬ ಎದ್ದ.

"ಅಂಕಲ್, ಎಲ್ಲಾ ಕಾಪಿ-ಪೇಸ್ಟ್ ಐತ್ರಿ. 'ಉಳಿದವರದ್ದೂ ಹಂಗ' ಅಂದ್ಬಿಡ್ರಿ. ಹೊಟ್ಟಿ ಹಸದೇತಿ."

ಅಂಕಲ್ ಕನ್ನಡಕ ತೆಗೆದರು.

"ನಿಮ್ಮ ಕಡೆ ಮದುವೆಯಲ್ಲಿ ಯಾರು ಏನು ಉಡುಗೊರೆ ತಂದರೆಂದು ಮೈಕಿನಲ್ಲಿ ಕೂಗುವುದುಂಟಲ್ಲ ಮಾರಾಯ? ನಿನ್ನ ಸೋದರಮಾವ ತಂದ ಸ್ಟೀಲ್ ಕೊಡಕ್ಕೆ 'ಇವರದ್ದೂ ಹಾಗೇ' ಅಂದಿದ್ದರೆ?"

ಅವನು ಮೆಲ್ಲಗೆ ಕುಳಿತ. "ಓದ್ರಿ ಅಂಕಲ್. ಮಾವ ಇನ್ನೂ ಬದುಕ್ಯಾನ."

೩. ಊಟ

ಹಿಂದಿನ ವರ್ಷದ ಮುನಿಸು ಹುಟ್ಟಿದ್ದೇ ಊಟದ ಮೇಜಿನಲ್ಲಿ, ನೀರುದೋಸೆ ಮೊದಲೋ ಜೋಳದ ರೊಟ್ಟಿ ಮೊದಲೋ ಎಂದು. ಅದಕ್ಕೇ, ಕುಲನಾಯಕರ ಹಾಗೆ ಎಲ್ಲರೂ ಒಂದೇ ತರಲಿ ಎಂದು ಮನೆಮನೆಗೂ ಫೋನು ಮಾಡಿದ್ದೆ. ಮನೆಗೊಂದು ಟ್ರೇ ಪಲಾವು. ಮೊಸರು, ಉಪ್ಪಿನಕಾಯಿ, ಸಿಹಿ ಯಾರು ತರಬೇಕೆಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಫಾಯಿಲು ತೆಗೆದರು. ಈ ತುದಿಯಿಂದ ಆ ತುದಿಯವರೆಗೆ ಪಲಾವು. ತಟ್ಟೆ ಹಿಡಿದವರೆಲ್ಲ ನಿಂತಲ್ಲೇ ನಿಂತರು. ಸಾಂಟಾ ಕ್ಲಾರಾ ಗ್ಯಾರಂಟಿ ಎಂದುಕೊಂಡೆ. ಅಂಕಲ್ ಮಾತ್ರ ಮೊದಲ ಟ್ರೇ ಇಣುಕಿ, ಕೊನೆಯದರವರೆಗೂ ನಡೆದು, ಆ ತರುಣನತ್ತ ತಿರುಗಿದರು.

"ಈಗ ಹೇಳು ಮಾರಾಯ, ಉಳಿದವರದ್ದೂ ಹಾಗೇ."

ಸಭೆಗೆ ಸಭೆಯೇ ನಕ್ಕಿತು. ಧಾರವಾಡದ ಅಕ್ಕ ಕಣ್ಣೊರೆಸಿಕೊಂಡು, ನನ್ನತ್ತ ಬೊಟ್ಟು ಮಾಡಿ, "ಮುಂದಿನ ವರ್ಷ ಇವರ ಕೈಯಾಗ ಕೊಡೂದು ಬ್ಯಾಡ್ರಿ" ಎಂದರು. "ಖಂಡಿತ ಬೇಡ!" ಎಂದರು ಮಂಗಳೂರಿನವರು. ಎರಡೂ ಕಡೆಯವರು ಒಪ್ಪಿದ ಮೊದಲ ಮಾತು ಅದು.

ಎಲ್ಲರಿಗಿಂತ ಜೋರಾಗಿ 'ಆಮೆನ್' ಅಂದವಳು ನಾನೇ.