ಅಣ್ಣ ಸಾಯಿಸಿದ ನೆಂಟರು

ನಮ್ಮಣ್ಣ ಒಬ್ಬ ಕೊಲೆಗಾರ! ಬೆಚ್ಚಬೇಡಿ. ಹೆಬ್ಬಾಳದ ಸೋದರತ್ತೆ, ಜಾಲಹಳ್ಳಿಯ ದೊಡ್ಡಪ್ಪ, ಯಲಹಂಕದ ಚಿಕ್ಕಮ್ಮ, ಹೀಗೆ ನಮ್ಮ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಸಾಯಿಸಿದವನು ಅವನು. ಸತ್ತವರೆಲ್ಲ ಯುಗಾದಿಗೆ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದರು, ಅದು ಬೇರೆ ಮಾತು. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದರಲ್ಲಿ ತಪ್ಪಿದ್ದರೆ ಮನ್ನಿಸಿ. ಆ ಕೊಲೆಗಳಲ್ಲಿ ನನಗೂ ಪಾಲಿತ್ತು. ಅದನ್ನು ಹೇಳಿಬಿಡಬೇಕು.

ಐವತ್ತರ ದಶಕದ ಕೊನೆ ಇರಬೇಕು. ಅಣ್ಣ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವನ ಬೆನ್ನು. ಅಲ್ಲಿ ಕಂಟ್ರಾಕ್ಟರ್ ಸಾಹುಕಾರರ ಕಟ್ಟಳೆಯೊಂದಿತ್ತು: ಕಾಯಿಲೆ ಎಂದು ಮಲಗಿದವನ ಹೆಸರು ಹೊಡೆದುಹಾಕಬೇಕು. ಆ ಜಾಗಕ್ಕೆ ಗೇಟಿನ ಹೊರಗೆ ಹತ್ತು ಜನ ಕಾಯುತ್ತಿದ್ದರಲ್ಲ! ಆದರೆ ಸೂತಕಕ್ಕೆ ಮಾತ್ರ ವಿನಾಯಿತಿ. ದಾಯಾದಿ ಸತ್ತರೆ ಹನ್ನೊಂದು ದಿನ, ಮಿಕ್ಕ ನೆಂಟರಾದರೆ ಮೂರು ದಿನ ಜಾಗ ಹಾಗೇ ಇರುತ್ತಿತ್ತು. ಸೂತಕದವನು ಮೂಟೆ ಮುಟ್ಟುವಂತಿಲ್ಲ. ಮನೆಯವರು ಬಂದು ಗೇಟಿನಾಚೆ ನಿಂತು ಸುದ್ದಿ ಕೂಗಬೇಕು. ನಮ್ಮ ಮನೆಯಲ್ಲಿ ಹಾಗೆ ಕೂಗಲು ಇದ್ದವಳು ನಾನೊಬ್ಬಳೇ.

ಅಣ್ಣನಿಗೆ ಆಗಾಗ ಎದೆ ಹಿಡಿದುಕೊಳ್ಳುತ್ತಿತ್ತು. ಹಿಡಿದಾಗಲೆಲ್ಲ ಒಬ್ಬ ನೆಂಟ ಹೋಗುತ್ತಿದ್ದ!

ಒಂದು ದಿನ ಹೆಬ್ಬಾಳದ ಅತ್ತೆ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಶೆಡ್ಡಿಗೇ ಬಂದುಬಿಟ್ಟಳು. ಸತ್ತು ಇನ್ನೂ ತಿಂಗಳಾಗಿರಲಿಲ್ಲ.

"ಯಾರಯ್ಯಾ ಇವ್ರು?" ಎಂದರು ಶೆಡ್ಡಿನಲ್ಲಿ ಹಾಜರಿ ಹಿಡಿಯುವ ಮೇಸ್ತ್ರಿ.

"ನಾನು ಇವನ ಅತ್ತೆ ಕಣಪ್ಪ, ಎಬ್ಬಾಳ್ದೋಳು."

ಅಣ್ಣ ಕಣ್ಣು ಮಿಟುಕಿಸಲಿಲ್ಲ. "ಹೋದೋರ ತಂಗಿ, ಮೇಸ್ತ್ರಿ. ಅವಳಿ. ಮುಖ ಒಂದೇ ಅಚ್ಚು."

ಮೇಸ್ತ್ರಿ ಇಬ್ಬರನ್ನೂ ನೋಡಿ, "ಒಡಹುಟ್ಟಿದೋರು ಹೋದ್ರೆ ಕಷ್ಟ ಕಣಮ್ಮ, ಸಮಾಧಾನ ಮಾಡ್ಕೊ" ಎಂದರಂತೆ. ಅತ್ತೆ ಗಾಬರಿಯಾಗಿ ಮತ್ತಿಕೆರೆಯ ನಮ್ಮ ಮನೆಗೆ ಓಡಿ ಬಂದಳು. "ಲೇ, ನಂಗೆ ಅಕ್ಕ ಯಾವಾಗಿದ್ಳೇ?"

ಒಮ್ಮೆ ಅವನನ್ನು ಧರ್ಮಾಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಹೃದಯ ಸೋತಿದೆಯಪ್ಪ. ಎರಡು ತಿಂಗಳು ಮಲಗಿರ್ಬೇಕು. ಭಾರ ಎತ್ಬಾರ್ದು, ಬೀಡಿ ಬಿಡ್ಬೇಕು, ಹಾಲು ಹಣ್ಣು ತಗೋಬೇಕು. ಮುಖ್ಯವಾಗಿ ಚಿಂತೆ ಮಾಡ್ಬಾರ್ದು."

"ಈ ಔಷಧಿ ಯಾವ ಅಂಗಡೀಲಿ ಸಿಗುತ್ತೆ ಸ್ವಾಮಿ?" ಎಂದ ಅಣ್ಣ.

ಡಾಕ್ಟರು ನಗಲಿಲ್ಲ. ಅಣ್ಣ ಹೊರಗೆ ಬಂದು ಬೀಡಿ ಹಚ್ಚಿದ. "ಬಿಟ್ರೆ ಮಧ್ಯಾಹ್ನ ಹಸಿವಾಗುತ್ತೆ ಕಣೇ" ಎಂದ.

ಅದೇ ತಿಂಗಳು ಕಂಟ್ರಾಕ್ಟರ್ ಸಾಹುಕಾರರಿಗೂ ಎದೆನೋವು ಬಂತು. ಇನ್ನು ಮೆಟ್ಟಿಲು ಹತ್ತಕೂಡದು ಎಂದರಂತೆ ಅವರ ಡಾಕ್ಟರು. ಮಹಡಿಯಿಂದ ಅವರ ತೇಗದ ಮಂಚವನ್ನು ಕೆಳಕ್ಕೆ ಹೊತ್ತು ತಂದವರಲ್ಲಿ ಮುಂದಿನ ಹೆಗಲು ಯಾರದು? ನಮ್ಮಣ್ಣನದು! ಮನೆಗೆ ಬಂದವನು ಗೋಡೆಗೊರಗಿ ಕೂತು, ಉಸಿರು ಎಳೆದೆಳೆದುಕೊಂಡು ಹೇಳಿದ: "ಸಾಹುಕಾರರಿಗೂ ನನ್ ಕಾಯಿಲೇನೇ ಅಂತೆ ಕಣೇ! ನಾನೇನ್ ಕಡ್ಮೆ ಆಸಾಮಿನಾ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೌದು, ನಕ್ಕೆ.

ಮಾಘದಲ್ಲಿ ನನಗೆ ಗಂಡು ಗೊತ್ತಾಯಿತು, ಶೆಟ್ಟಿಹಳ್ಳಿಯ ಸೋದರಮಾವನ ಮಗ. ವೀಳ್ಯಶಾಸ್ತ್ರಕ್ಕೆ ನಾಲ್ಕೇ ದಿನ ಉಳಿದಿತ್ತು. ಆ ಬೆಳಿಗ್ಗೆ ಅಣ್ಣ ಚಾಪೆಯ ಮೇಲೆ ಎದ್ದು ಕೂತ, ಮೇಲೇಳಲಿಲ್ಲ. ಅಂಥ ಚಳಿಯಲ್ಲೂ ಬನಿಯನ್ನು ಬೆವರಿನಿಂದ ತೊಯ್ದಿತ್ತು.

"ಹೋಗಿ ಹೇಳ್ಬಾರೇ. ಮೂರು ದಿನ ಮಲಗಿದ್ರೆ ಸರಿಹೋಗ್ತೀನಿ."

"ಯಾರು ಸತ್ರು ಅಂತ ಹೇಳ್ಲಿ? ಯಾರನ್ನ ಉಳಿಸಿದೀಯ ನೀನು?"

"ಶೆಟ್ಟಿಹಳ್ಳಿ ಮಾವ ಇದ್ದಾನಲ್ಲ."

ನನಗೆ ಮೈಯೆಲ್ಲ ಉರಿಯಿತು. ವೀಳ್ಯ ತರುವ ಮಾವನ ಸಾವನ್ನು ನನ್ನ ಬಾಯಿಂದಲೇ ಕೂಗುವುದೇ? ಅಪಶಕುನವಲ್ಲವೇ?

"ನನ್ ಮಾವ ಆಗೋರನ್ನೂ ಸಾಯಿಸ್ತೀಯಾ? ನಿನ್ ನಾಟಕ ಸಾಕು. ನಾನು ಹೋಗಲ್ಲ!"

ಅವನು ನನ್ನನ್ನೇ ನೋಡಿ ನಕ್ಕ. "ಆಯ್ತು ಬಿಡವ್ವಾ, ಬದುಕ್ಕೊಳ್ಳಿ ಮುದುಕ" ಎಂದು ಗೋಡೆ ಹಿಡಿದು ಎದ್ದ. ತಲೆಗೆ ಟವೆಲು ಸುತ್ತಿಕೊಂಡು ಕೆಲಸಕ್ಕೆ ಹೊರಟ. ನಾನು ತಡೆಯಲಿಲ್ಲ. ನೆಲ ಸಾರಿಸುತ್ತಾ ಕೂತೆ.

ಮಧ್ಯಾಹ್ನವಾಗುವ ಮೊದಲೇ ನಾಲ್ಕು ಜನ ಅವನನ್ನು ಹೊತ್ತು ತಂದರು. ವ್ಯಾಗನ್ನಿಗೆ ಚಾಚಿದ ಹಲಗೆಯಿಂದ ಇಳಿದು, ಬೆನ್ನಿನ ಮೂಟೆಯನ್ನು ಜೋಪಾನವಾಗಿ ಮೂಟೆಗಳ ಅಟ್ಟಿಯ ಮೇಲಿಟ್ಟು, ಆಮೇಲೆ ಕುಸಿದವನು ಮತ್ತೆ ಏಳಲಿಲ್ಲವಂತೆ.

ಮೇಸ್ತ್ರಿ ಹೊಸ್ತಿಲಾಚೆ ನಿಂತಿದ್ದರು. ನಾನು ಅವರ ಕಾಲ ಬಳಿ ಕೂತು ಎಲ್ಲ ಒಪ್ಪಿಕೊಂಡೆ. ನೆಂಟರು ಯಾರೂ ಸತ್ತಿರಲಿಲ್ಲ, ಅಷ್ಟು ಸಲ ಸುಳ್ಳು ಕೂಗಿದವಳು ನಾನು, ಇವತ್ತು ಕೂಗದೆ ಉಳಿದವಳೂ ನಾನೇ ಎಂದೆ.

"ಗೊತ್ತಿತ್ತು ಕಣಮ್ಮ" ಎಂದರು ಮೇಸ್ತ್ರಿ. "ಕಾಯಿಲೆ ಅಂದಿದ್ರೆ ನಾನು ಹೆಸರು ಹೊಡೀಲೇಬೇಕಿತ್ತು. ಸಾವು ಅಂದ್ರೆ ಸುಮ್ನಿರ್ಬೋದಾಗಿತ್ತು. ಬೆಳಿಗ್ಗೆ ಅವನ ಮುಖ ನೋಡ್ದೆ. ನೀನು ಬಂದೇ ಬರ್ತೀಯ ಅಂತ ಗೇಟಿನ ಕಡೆ ನೋಡ್ತಾನೇ ಇದ್ದೆ. ಯಾರ ಹೆಸರಾದ್ರೂ ಕೂಗಿದ್ರೆ ಸಾಕಿತ್ತಲ್ಲ ತಾಯಿ."