ದುರ್ಬಲ ಆಮ್ಲದ ಮೇಲೆ ಬಂದ ನೋಟಿಸು

ಇಪ್ಪತ್ತು ವರ್ಷದಿಂದ ಈ ಕಡೆಯ ಪಿಯು ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಕೂಡ್ಲಿಗಿಗೆ ವರ್ಗವಾಗಲಿ, ಹಡಗಲಿಗೆ ಆಗಲಿ, ಪ್ರಬಲ ಆಮ್ಲ, ದುರ್ಬಲ ಆಮ್ಲದ ಪಾಠ ಶುರುವಾದ ವಾರ ಏನಾದರೊಂದು ಆಗಿಯೇ ಆಗುತ್ತದೆ. ಆಮ್ಲಗಳದ್ದೇನೂ ತಪ್ಪಿಲ್ಲ. ಅವು ಪುಸ್ತಕದಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತವೆ.

೧. ಚಾಚಾನ ಪ್ಯಾಂಟು

ಹರಪನಹಳ್ಳಿಯಲ್ಲಿದ್ದಾಗ ಮನೆಯ ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಬ್ಯಾಟರಿ ರಿಪೇರಿಯ ಚಾಚಾ ಬಂದು, ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಚಾಚಾ, ಎಷ್ಟು ನೀರು ಹಾಕಿದ್ರೂ ಒಳಗಿನ ಆಮ್ಲ ತೆಳ್ಳಗಾಗತೈತಿ ಅಷ್ಟ, ದುರ್ಬಲ ಆಗಂಗಿಲ್ಲ. ಅದು ಪ್ರಬಲ ಆಮ್ಲನ."

ಅವರು ಎದ್ದು ನಿಂತು, ಆಮ್ಲ ಸಿಡಿದು ಮೊಣಕಾಲಿನ ಮೇಲೆ ಜರಡಿಯಾಗಿದ್ದ ಪ್ಯಾಂಟು ತೋರಿಸಿದರು.

"ಕರೆಕ್ಟ್ ಐತ್ರಿ ಮೇಡಂ. ನನಗ ಗೊತ್ತಿರಲಿಲ್ಲ, ಪ್ಯಾಂಟಿಗೆ ಗೊತ್ತಿತ್ತು."

೨. ಸ್ಟ್ರಾಂಗ್ ಮಾಲು

ಕೊಟ್ಟೂರಿನಲ್ಲಿ ಪ್ರಯೋಗಾಲಯಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನು ಪ್ರಾಂಶುಪಾಲರ ಸಹಿಗೆ ಒಯ್ದೆ. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ದುರ್ಬಲ ಆಮ್ಲ ಯಾಕ್ರಿ ತರಸ್ತೀರಿ? ಸರ್ಕಾರಿ ಕಾಲೇಜು ಅಂದ್ರ ವೀಕ್ ಮಾಲು ತಗೋಬೇಕಂತ ರೂಲ್ ಐತೇನು? ಪ್ರಬಲಾನ ಕೇಳ್ರಿ!"

ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಅಸಿಟಿಕ್ ಆಮ್ಲ" ಎಂಬುದರ ಮುಂದೆ ತಮ್ಮ ಕೈಯಾರೆ "ಪ್ರಬಲವಾದದ್ದು" ಎಂದು ಸೇರಿಸಿ ಸಹಿ ಹಾಕಿದರು. ಅಂಗಡಿಯವನು ಜಾಣ. ಅದೇ ಅಸಿಟಿಕ್ ಆಮ್ಲದ ಬಾಟಲಿ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಸ್ಟ್ರಾಂಗ್" ಎಂದು ಬರೆದು ಕಳಿಸಿದ. ಪ್ರಾಂಶುಪಾಲರು ಬಾಟಲಿ ತಿರುಗಿಸಿ ನೋಡಿ, "ಕೇಳಿದ್ರ ಕೊಡ್ತಾರ ನೋಡ್ರಿ" ಎಂದರು.

೩. ತಪಾಸಣೆ

ಈಗಿನ ಕಾಲೇಜಿಗೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಕೋಗಳಿಯಿಂದ ಬಸ್ಸಿಗೆ ಬರುವ ಹುಡುಗಿಯನ್ನು ಎಬ್ಬಿಸಿ, ಪ್ರಬಲ ಆಮ್ಲ ಅಂದರೇನು ಎಂದು ಕೇಳಿದರು.

"ನೀರಿಗೆ ಹಾಕಿದ್ರ ಅದರ ಅಣು ಎಲ್ಲಾ ಒಡದು ಅಯಾನು ಆಗತಾವ್ರಿ ಸರ್. ದುರ್ಬಲ ಆಮ್ಲದಾಗ ಸ್ವಲ್ಪ ಅಷ್ಟ ಒಡೀತಾವು, ಉಳಿದವು ಕೂಡೇ ಇರ್ತಾವ್ರಿ."

"ಉಲ್ಟಾ ಹೇಳಾಕತ್ತೀಯಲ್ಲಮ್ಮ! ಒಡದು ಹೋಗೋದು ವೀಕು, ಒಗ್ಗಟ್ಟಾಗಿರೋದು ಸ್ಟ್ರಾಂಗು."

"ಪುಸ್ತಕದಾಗ ಹಿಂಗ ಐತ್ರಿ ಸರ್."

ಹುಡುಗಿಯ ಕಣ್ಣು ತುಂಬಿತ್ತು, ಆದರೂ ಕೂರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಆಕಿ ಹೇಳಿದ್ದು ಸರಿ ಐತ್ರಿ ಸರ್" ಎಂದೆ.

ಅವರು ನನ್ನ ಕಡೆ ತಿರುಗಿದರು. "ನಾನು ಓದಿದ್ದು ಹಿಸ್ಟರಿ. ನನಗ ಇಷ್ಟು ಗೊತ್ತಾಗತೈತಿ, ನಿಮಗ ಗೊತ್ತಾಗಂಗಿಲ್ಲೇನ್ರಿ?"

೪. ಪೋಷಕರ ಸಹಿ

ವಾರದಲ್ಲಿ ನೋಟಿಸು ಬಂತು: ತಪ್ಪು ಬೋಧನೆಗಾಗಿ ನಿಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು? ಎರಡು ದಿನ ಗ್ರಂಥಾಲಯದಲ್ಲೇ ಕುಳಿತೆ. ಪುಸ್ತಕದ ಪುಟಗಳ ಜೆರಾಕ್ಸ್ ಲಗತ್ತಿಸಿ ಉದ್ದನೆಯ ಉತ್ತರ ಬರೆದೆ. ಕೊನೆಗೆ "ದುರ್ಬಲ" ಎಂಬ ತಲೆಬರಹದಡಿ ಐದು ಹೆಸರು ಕೊಟ್ಟೆ: ಅಸಿಟಿಕ್, ಫಾರ್ಮಿಕ್, ಕಾರ್ಬಾನಿಕ್, ಸಿಟ್ರಿಕ್, ಬೆಂಜೋಯಿಕ್.

ಎರಡು ತಿಂಗಳಿಗೆ ಪತ್ರ ಬಂತು. "ಪಟ್ಟಿಯಲ್ಲಿರುವ ಐವರು ದುರ್ಬಲರಿಗೆ ವಿಶೇಷ ತರಗತಿ ನಡೆಸಿ, ಪೋಷಕರ ಸಭೆ ಕರೆದು, ಸಹಿ ಸಮೇತ ವರದಿ ಸಲ್ಲಿಸತಕ್ಕದ್ದು."

ಕಚೇರಿಗೆ ಫೋನ್ ಮಾಡಿ, "ಅವು ಆಮ್ಲಗಳ್ರೀ" ಎಂದೆ.

"ಯಾರರ ಇರಲಿ ಬಿಡ್ರಿ ಮೇಡಂ. ಸಹಿ ಬರದ ಫೈಲು ಮುಗಿಯಂಗಿಲ್ಲ" ಎಂದರು ಗುಮಾಸ್ತರು.

ತಲೆ ಮೇಲೆ ಕೈ ಹೊತ್ತು ಕುಳಿತೆ. ಪ್ರಯೋಗಾಲಯದ ಅಟೆಂಡರ್ ಪತ್ರದ ಜೊತೆ ಬಂದಿದ್ದ ವರದಿಯ ಫಾರ್ಮು ಇಸಿದುಕೊಂಡ. "ದಿನಾ ಬಾಟಲಿ ಒರಸಾವ ನಾನು, ಕಪಾಟಿಗೆ ಬೀಗ ಹಾಕಾವ ನಾನು. ಪೋಷಕ ಮತ್ತ್ಯಾರು?" ಎಂದು ಐದೂ ಕಡೆ ಸಹಿ ಮಾಡಿದ. ಪೋಷಕರ ಸಂಬಂಧ ಎಂಬ ಕಾಲಮಿನಲ್ಲಿ ಐದೂ ಕಡೆ "ಸೋದರಮಾವ" ಎಂದು ಬರೆದ. ವರದಿ ಹೋಯಿತು, ನೋಟಿಸು ರದ್ದಾಯಿತು.

"ಅಲ್ಲಪ್ಪಾ, ಸೋದರಮಾವ ಅಂತ ಯಾಕ ಬರದಿ?" ಎಂದು ಕೇಳಿದೆ.

"ಅಪ್ಪ ಅಂತ ಬರದ್ರ ಆಧಾರ್ ಕಾರ್ಡ್ ಕೇಳ್ತಾರ್ರೀ ಮೇಡಂ."